ಸವಣೂರಿಗೆ ಹೋಗಿಬಂದ ಮಗಳೂ ನಮ್ಮ ನಾಲಿಗೆಯೂ

ಹಾನಗಲ್‌ನಲ್ಲಿ ನನ್ನ ಬಳಿ ಓದಿದ್ದ ಹೆಣ್ಣುಮಗಳೊಬ್ಬಳು ಈಗ ಸ್ವತಃ ಶಿಕ್ಷಕಿ. ಕಳೆದ ತಿಂಗಳ ಒಂದು ರವಿವಾರ ಮನೆಯವರಿಗೆ ತಿಳಿಸಿ ಒಬ್ಬಳೇ ಬಸ್ಸು ಹತ್ತಿ ಸವಣೂರಿಗೆ ಹೋದಳು. ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಆಫ್ರಿಕಾ ಮೂಲದ ಆ ಬೃಹತ್ ಮರಗಳ ಕೆಳಗೆ ಬಹಳ ಹೊತ್ತು ಕುಳಿತಳು. ನವಾಬರ ಕಾಲದ ಕಟ್ಟಡಗಳ ಸುತ್ತ ಅಡ್ಡಾಡಿದಳು. ತಮ್ಮನಿಗೆಂದು ಸವಣೂರು ಖಾರ ಕಟ್ಟಿಸಿಕೊಂಡು ಮಗ್ರಿಬ್‌ಗೆ ಮುನ್ನ ಮನೆ ಸೇರಿದಳು. ಆದರೆ ಅವಳಿಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು.

ಮರುದಿನ ಅವಳ ತಂದೆ ತಲೆ ತಗ್ಗಿಸಿ ಬಂದು ಕೇಳಿದರು: "ಹಝ್ರತ್, ಜನ ಕೇಳುತ್ತಿದ್ದಾರೆ. ಏನು ಉತ್ತರ ಕೊಡಲಿ?" ಅಂದು ಸಮಾಧಾನದ ನಾಲ್ಕು ಮಾತಾಡಿ ಕಳುಹಿಸಿದೆ. ಅದು ಸಾಲದೆಂದು ಆಮೇಲೆ ಅನಿಸಿತು. ಈ ಬರಹವೇ ನನ್ನ ಉತ್ತರ.

ಸಹೋದರರೇ, ಬೆನ್ನಿಗೆ ಚೀಲ ಹಾಕಿಕೊಂಡ ಯುವತಿಯೊಬ್ಬಳು ಯುರೋಪಿನ ಯಾವುದೋ ನಗರದಲ್ಲಿ ಒಂಟಿಯಾಗಿ, ಅವಸರವಿಲ್ಲದೆ ಸುತ್ತಾಡುವ ವಿಡಿಯೊಗಳನ್ನು ನಾವು ಚಹಾದಂಗಡಿಯಲ್ಲಿ ಕುಳಿತು ಕಣ್ತುಂಬ ನೋಡುತ್ತೇವೆ. ಆ ನಗರದ ಸ್ವಚ್ಛತೆಯನ್ನೂ ಅಲ್ಲಿನ ಸುರಕ್ಷೆಯನ್ನೂ ಹೊಗಳುತ್ತೇವೆ. ಅದೇ ನೆಮ್ಮದಿಯ ಒಂದು ಹಗಲನ್ನು ನಮ್ಮದೇ ಜಿಲ್ಲೆಯೊಳಗೆ ನಮ್ಮ ಮಗಳು ಬಯಸಿದರೆ ಮಾತ್ರ ನಮಗೆ ದೀನ್ ನೆನಪಾಗುತ್ತದೆ.

ದೀನ್ ಏನನ್ನುತ್ತದೆ? ಮಹ್ರಮ್ ಇಲ್ಲದೆ ಸ್ತ್ರೀ ಪ್ರಯಾಣ ಮಾಡಬಾರದೆಂಬ ಹದೀಸ್ ಸತ್ಯ. ಅದನ್ನು ನಾನೂ ಕಲಿಸುತ್ತೇನೆ. ಆದರೆ ಅದನ್ನು ಅರ್ಧಕ್ಕೆ ನಿಲ್ಲಿಸಿ ಓದುವುದು ಅಪ್ರಾಮಾಣಿಕತೆ. ಒಂದು ವರದಿಯಲ್ಲಿ ಮೂರು ದಿನಗಳ ಪ್ರಯಾಣವೆಂದಿದೆ, ಇನ್ನೊಂದರಲ್ಲಿ ಒಂದು ಹಗಲು-ರಾತ್ರಿಯೆಂದಿದೆ. ಹನಫಿ ಫಿಕ್ಹ್‌ನ ಪ್ರಸಿದ್ಧ ಮತದಂತೆ ಆ ಪ್ರಯಾಣದ ಅಳತೆ 48 ಮೈಲಿ, ಅಂದರೆ ಸುಮಾರು 77 ಕಿಲೋಮೀಟರ್. ಹಾನಗಲ್‌ನಿಂದ ಸವಣೂರು ಅದಕ್ಕಿಂತ ಬಹಳ ಹತ್ತಿರ. ಹಾಗಿದ್ದರೆ ಆ ಹುಡುಗಿ ಯಾವ ಆಜ್ಞೆಯನ್ನು ಮೀರಿದಳು? ಸ್ತ್ರೀಯೊಬ್ಬಳು ಹೀರಾದಿಂದ ಹೊರಟು ಅಲ್ಲಾಹನ ಹೊರತು ಯಾರಿಗೂ ಅಂಜದೆ ಕಅಬಾದ ತವಾಫ್ ಮಾಡುವ ದಿನ ಬರಲಿದೆಯೆಂದು ಪ್ರವಾದಿ(ಸ) ಅದೀ ಬಿನ್ ಹಾತಿಂ(ರ)ರಿಗೆ ತಿಳಿಸಿದ್ದರು. ಅಂತಹ ಸ್ತ್ರೀಯನ್ನು ತಾವು ಕಣ್ಣಾರೆ ಕಂಡುದಾಗಿ ಅವರು ಮುಂದೆ ಹೇಳಿದರು. ಸ್ತ್ರೀಯ ನಿರ್ಭಯ ಪ್ರಯಾಣವನ್ನು ಒಳ್ಳೆಯ ಕಾಲದ ಗುರುತಾಗಿ ತೋರಿಸಿದ ಈ ವರದಿ ನಮ್ಮ ಬಯಾನ್‌ಗಳಲ್ಲಿ ಏಕೆ ಕೇಳಿಬರುವುದಿಲ್ಲ?

ಇನ್ನೂ ದೊಡ್ಡ ಪಾಠವೊಂದಿದೆ. ಕಳೆದುಹೋದ ಹಾರವನ್ನು ಹುಡುಕುತ್ತ ಹಝ್ರತ್ ಆಯಿಶಾ(ರ) ಮರುಭೂಮಿಯಲ್ಲಿ ಒಂಟಿಯಾಗಿ ಉಳಿದರು. ಹಿಂದಿನಿಂದ ಬಂದ ಸಫ್ವಾನ್(ರ) ಅವರನ್ನು ಗೌರವದಿಂದ ಕರೆತಂದರು. ಮದೀನಾದ ನಾಲಿಗೆಗಳು ಒಂದು ತಿಂಗಳ ಕಾಲ ಆಡಿದವು. ಕೊನೆಗೆ ಸೂರಃ ಅನ್ನೂರ್‌ನ ವಚನಗಳು ಅವತೀರ್ಣಗೊಂಡಾಗ ಅಲ್ಲಾಹನು ತರಾಟೆಗೆ ತೆಗೆದುಕೊಂಡದ್ದು ಒಂಟಿಯಾಗಿ ಉಳಿದ ಆ ಸ್ತ್ರೀಯನ್ನಲ್ಲ, ಕೇಳಿದ್ದನ್ನು ವಿಚಾರಿಸದೆ ಹಬ್ಬಿಸಿದವರನ್ನು. ಶೀಲವತಿಯ ಮೇಲೆ ಅಪವಾದ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವನಿಗೆ 80 ಛಡಿಯೇಟು ವಿಧಿಸಿರುವುದೂ ಅದೇ ಸೂರಃ. ವಾಟ್ಸಾಪ್‌ನಲ್ಲಿ ಒಬ್ಬಳ ಫೋಟೊ ಹಾಕಿ "ಇವಳು ಯಾರ ಮಗಳು?" ಎಂದು ಕೇಳುವವನು ಈ ವಚನವನ್ನು ಓದಿರುವನೇ?

ಇದು ಬರಿಯ ಮಾತಿನಲ್ಲಿ ಮುಗಿಯುವುದಿಲ್ಲ. 2024ರ ಜನವರಿಯಲ್ಲಿ ನಮ್ಮ ಹಾನಗಲ್ ನಾಡಿಗೆಲ್ಲ ಸುದ್ದಿಯಾಯಿತು. ವಸತಿಗೃಹದ ಕೋಣೆಗೆ ನುಗ್ಗಿದ ಗುಂಪೊಂದು ನಮ್ಮದೇ ಸಮುದಾಯದ ಹೆಣ್ಣೊಬ್ಬಳನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಎಸಗಿತೆಂಬ ಆರೋಪ ಅದು. 2025ರ ಮೇ ತಿಂಗಳಲ್ಲಿ ಆರೋಪಿಗಳಿಗೆ ಜಾಮೀನು ಸಿಕ್ಕಾಗ ಮೆರವಣಿಗೆಯೂ ನಡೆಯಿತು. ತಪ್ಪಿತಸ್ಥರು ಯಾರೆಂದು ತೀರ್ಮಾನಿಸುವುದು ನ್ಯಾಯಾಲಯ. ಆದರೆ ಆ ಮೆರವಣಿಗೆ ನಮ್ಮ ಅಂತಃಸಾಕ್ಷಿಗೆ ಬಿಟ್ಟ ವಿಷಯ. ಪರರ ಮಗಳ ಪಹರೆಗೆ ತಾನೇ ನಿಂತ ಕೈ ಎಲ್ಲಿಗೆ ತಲುಪಬಹುದೆಂದು ನಾವು ಬಲ್ಲೆವು. ಅದರ ಮೊದಲ ಮೆಟ್ಟಿಲು "ಜನ ಕೇಳುತ್ತಿದ್ದಾರೆ" ಎಂಬ ಮಾತು.

"ಕಾಲ ಕೆಟ್ಟಿದೆ" ಎನ್ನುವಿರಿ. ಕೆಡಿಸಿದವರು ಯಾರು? ದೃಷ್ಟಿ ತಗ್ಗಿಸುವ ಆಜ್ಞೆ ಕುರ್‌ಆನಿನಲ್ಲಿ ಮೊದಲು ಬಂದಿರುವುದು ಪುರುಷರಿಗೆ, ಅನಂತರ ಸ್ತ್ರೀಯರಿಗೆ. ಆ ಕ್ರಮವನ್ನು ತಲೆಕೆಳಗು ಮಾಡಿದವರು ನಾವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಶಿಗ್ಗಾಂವಿ, ಹಿರೇಕೆರೂರಿನ ನಮ್ಮ ತಾಯಂದಿರು ಕೂಲಿಗೆ, ಆಸ್ಪತ್ರೆಗೆ, ಕಚೇರಿಗೆ ಒಬ್ಬೊಬ್ಬರೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಾರೆ. ಆಗ ಯಾರೂ ಮಹ್ರಮ್ ಎಲ್ಲಿ ಎಂದು ಕೇಳಲಿಲ್ಲ. ದುಡಿಯಲು ಹೋದರೆ ಅನುಮತಿ, ನೋಡಲು ಹೋದರೆ ಫಿತ್ನಾ! ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭವನ್ನು ನೋಡಿರೆಂಬ ಅಲ್‌ಅನ್ಕಬೂತ್‌ನ ಕರೆ ಗಂಡಸರಿಗೆ ಮಾತ್ರ ಮೀಸಲೇ?

ಇದು ಹೊಸ ಫ್ಯಾಶನ್ನೆನ್ನುವವರು ಕೇಳಲಿ. ಹಾನಗಲ್ಲೂ ಹಿರೇಕೆರೂರೂ ಮುಂಬಯಿ ಪ್ರಾಂತ್ಯದಲ್ಲಿದ್ದ 1906ರಲ್ಲೇ ಅದೇ ಪ್ರಾಂತ್ಯದ ಮುಸ್ಲಿಮ್ ಮಹಿಳೆ ಅತಿಯಾ ಫೈಝೀ ಶಿಕ್ಷಕಿಯ ತರಬೇತಿಗಾಗಿ ಲಂಡನ್ನಿಗೆ ಹೋದರು. ಅಲ್ಲಿ ಕಂಡುದನ್ನು ಬರೆದ ದಿನಚರಿ ಲಾಹೋರಿನ ಉರ್ದು ಮಹಿಳಾ ಪತ್ರಿಕೆ ತಹಝೀಬೆ ನಿಸ್ವಾನ್‌ನಲ್ಲಿ ಪ್ರಕಟವಾಯಿತು. ಪರದೆಯೊಳಗಿನ ಸ್ತ್ರೀಯರು ಅದನ್ನು ಮನೆಯಲ್ಲಿ ಕುಳಿತು ಓದಿದರು.

ದೂರದ ಪ್ರಯಾಣಕ್ಕೆ ಇರುವ ಶರೀಅತ್ತಿನ ನಿಯಮವನ್ನು ನಾನು ಸಡಿಲಿಸುತ್ತಿಲ್ಲ. ಮನೆಯವರಿಗೆ ತಿಳಿಸಿ, ಹಯಾದೊಂದಿಗೆ, ಹಗಲಿನಲ್ಲಿ ಹೋಗಿಬರುವ ಮಗಳ ಮೇಲೆ ಶರೀಅತ್ತು ಹೇರದ ಬೇಡಿಯನ್ನು ನಾವು ಹೇರಬಾರದೆನ್ನುತ್ತಿದ್ದೇನೆ, ಅಷ್ಟೇ.

ಆ ತಂದೆಗೆ ನನ್ನ ಮಾತಿದು: ತಲೆಯೆತ್ತಿ ನಡೆಯಿರಿ. ಜನ ಮತ್ತೆ ಕೇಳಿದರೆ, "ನನ್ನ ಮಗಳು ಅಲ್ಲಾಹನ ಭೂಮಿಯನ್ನು ನೋಡಲು ಹೋಗಿದ್ದಳು, ನಿಮ್ಮ ನಾಲಿಗೆ ಎಲ್ಲಿಗೆ ಹೋಗಿತ್ತು?" ಎಂದು ಕೇಳಿರಿ.

ಅಲ್ಲಾಹನು ನಮ್ಮ ನಾಲಿಗೆಗಳನ್ನೂ ದೃಷ್ಟಿಯನ್ನೂ ಕಾಪಾಡಲಿ, ನಮ್ಮ ಹೆಣ್ಣುಮಕ್ಕಳು ಅವನ ಹೊರತು ಯಾರಿಗೂ ಅಂಜದೆ ನಡೆಯುವ ದಿನವನ್ನು ನಮ್ಮ ಊರುಗಳಿಗೂ ಕರುಣಿಸಲಿ. ಆಮೀನ್.