ದಂಡೆಯ ಮೇಲೆ ಕುಳಿತು ಗಾಳ ಹಾಕುವುದು

ಶಾಕಾಹಾರಿಗಳಾದ ನಾವು ಈ ತಿಂಗಳು ಮೀನು ಹಿಡಿಯುವ ವಿಷಯವನ್ನೆತ್ತಿಕೊಂಡುದನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಆದರೆ ನಡೆದ ಸಂಗತಿಯನ್ನರಿತ ಮೇಲೆ, ಹೊಲದಲ್ಲಿ ಹೊಂಡವೂ ಮನೆಯಲ್ಲಿ ಹುಡುಗರೂ ಇರುವ ಯಾವ ಗೃಹಸ್ಥರೂ ಇದನ್ನು ಅಪ್ರಸ್ತುತವೆನ್ನಲಾರರೆಂದು ನಂಬಿದ್ದೇವೆ.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹನ್ನೊಂದು ವರ್ಷದ ಮೊಮ್ಮಗನು, “ಅಜ್ಜಾ, ನಾನೂ ಗಾಳ ಹಾಕಾಕ ಹೋಗ್ಲೇನು?” ಎಂದು ಕೇಳಿದನು. ಸಂಸ್ಕೃತ ಕಲಿಸಿ ಹಳಬರಾದ ನಾವು ಸುಮ್ಮನೆ ಬೇಡವೆಂದಿದ್ದರೆ ಸಾಕಾಗಿತ್ತು. ಹಾಗೆ ಮಾಡದೆ, ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ಇಪ್ಪತ್ತನಾಲ್ಕು ಗುರುಗಳನ್ನು ಹೇಳುವಾಗ ಮೀನನ್ನೂ ಗುರುವೆಂದು ಎಣಿಸಿರುವುದನ್ನೂ, ನಾಲಗೆಯ ಚಾಪಲ್ಯದಿಂದ ಅದು ಬಡಿಶಕ್ಕೆ, ಎಂದರೆ ಗಾಳಕ್ಕೆ, ಸಿಕ್ಕಿ ಸಾಯುವುದನ್ನೂ ಅರ್ಧ ಗಳಿಗೆ ವಿವರಿಸಿದೆವು. ಹುಡುಗನು ಉಪದೇಶವನ್ನು ಪೂರ್ತಿಯಾಗಿ ಕೇಳಿ, ಮರುದಿನ ಯಾರಿಗೂ ಹೇಳದೆ ಹೋದನು.

ಹೋದದ್ದು ಕೆರೆಗಲ್ಲ, ಊರ ಹೊರಗಿನ ಲಿಂಬೆಯ ತೋಟದ ಕೃಷಿಹೊಂಡಕ್ಕೆ. ಇಂಡಿಯ ಸೀಮೆಯಲ್ಲಿ ಲಿಂಬೆಯ ತೋಟವಿದ್ದಲ್ಲಿ ಹೊಂಡವಿರುವುದು ಈಗ ಸಾಮಾನ್ಯ. 2014ರಲ್ಲಿ ಸರಕಾರವು ಕೃಷಿಭಾಗ್ಯ ಯೋಜನೆಯನ್ನಾರಂಭಿಸಿದ ಮೇಲಂತೂ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ಹೊಲಗಳಲ್ಲಿಯೂ ಇವು ಹೆಚ್ಚಿದವು. ಮಳೆ ಕಡಿಮೆಯಾದ ನಮ್ಮ ಜಿಲ್ಲೆಗೆ ಇದು ಉಪಕಾರವೇ ಸರಿ. ಆದರೆ ನೀರು ಇಂಗದಂತೆ ಹೊಂಡದ ತಳಕ್ಕೂ ನಾಲ್ಕು ಬದಿಗಳಿಗೂ ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿರುತ್ತಾರೆ. ಬದಿಗಳು ಇಳಿಜಾರು, ಹಾಳೆಯ ಮೇಲೆ ಪಾಚಿ ಕಟ್ಟಿದರೆ ಗಾಜಿಗಿಂತ ಜಾರು. ಕಾಲೂರಲು ಕಲ್ಲಿಲ್ಲ, ಹಿಡಿಯಲು ಬೇರಿಲ್ಲ. ಈಜು ಬಲ್ಲ ಗಂಡಸು ಬಿದ್ದರೂ ಹತ್ತಿ ಬರುವುದು ಕಷ್ಟ. ನಮ್ಮ ಹುಡುಗನು ಜಾರಿಬಿದ್ದಾಗ ಲಿಂಬೆಯ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕೂಗು ಕೇಳಿ ಓಡಿಬಂದು, ಅಲ್ಲಿಯೇ ಬಿದ್ದಿದ್ದ ಹನಿನೀರಾವರಿಯ ಪೈಪನ್ನು ಎಸೆದು, ಅವನನ್ನೆಳೆದುಕೊಂಡಳು. ಆ ತಾಯಿಯ ಋಣವು ನಮ್ಮ ಮನೆತನದ ಮೇಲೆ ಸದಾ ಇರುವುದು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮೂರನೆಯ ದಿನ ಊರ ಕೆರೆಯ ಮೀನುಗಾರಿಕೆಯನ್ನು ಗುತ್ತಿಗೆ ಹಿಡಿದಿರುವ ಕಬ್ಬಲಿಗ ಗೃಹಸ್ಥನೊಬ್ಬನು ಸುದ್ದಿ ಕೇಳಿ ಮನೆಗೆ ಬಂದನು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಭೀಮೆಯ ತೀರದ ಶಾಲೆಯಲ್ಲಿದ್ದಾಗ ಅವನು ನಮ್ಮ ವಿದ್ಯಾರ್ಥಿ. “ಮಾಸ್ತರ್ರ, ಹುಡುಗರನ್ನ ನೀರಿಗೆ ಹೋಗಬ್ಯಾಡ ಅಂದ್ರ ಕೇಳಂಗಿಲ್ರಿ. ಯಾವ ನೀರಿಗೆ ಹೋಗಬೇಕು ಅನ್ನೂದನ್ನ ಕಲಿಸ್ರಿ. ರವಿವಾರ ಇಬ್ಬರೂ ಕೆರಿಗೆ ಬರ್ರಿ” ಎಂದನು.

ಹೋದೆವು. ಕೆರೆಯ ಒಡ್ಡಿಗೆ ಕಲ್ಲು ಹೊದಿಸಿದ್ದ ಭಾಗವನ್ನು ಬಿಟ್ಟು, ನೀರು ಮೆಲ್ಲಗೆ ಆಳವಾಗುತ್ತ ಹೋಗುವ ಮೂಲೆಯೊಂದನ್ನು ಅವನು ಆರಿಸಿದನು. ಎರೆಮಣ್ಣಿನ ದಂಡೆ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಕುಸಿಯುತ್ತದೆ. ಆದುದರಿಂದ ಅಂಚಿನಿಂದ ಎರಡು ಮೊಳ ಹಿಂದೆ ಕುಳಿತುಕೊಳ್ಳಬೇಕು. ನಮ್ಮೆದುರು ನೀರಿನಲ್ಲಿ ಮುಳುಗಿದ ಜಾಲಿಯ ಟೊಂಗೆಗಳಿದ್ದವು. ಮೀನು ನೆರಳನ್ನೂ ಮರೆಯನ್ನೂ ಬಯಸುವ ಪ್ರಾಣಿಯಾದುದರಿಂದ ಗಾಳವನ್ನು ನಡುಗೆರೆಗೆ ಎಸೆಯುವುದು ವ್ಯರ್ಥಶ್ರಮ. ಟೊಂಗೆಯ ಮಗ್ಗುಲಿಗೆ, ಸಿಕ್ಕಿಕೊಳ್ಳದಷ್ಟು ದೂರದಲ್ಲಿ, ಇಳಿಬಿಟ್ಟರೆ ಸಾಕು.

ಸಾಧನಗಳು ಅಲ್ಪ. ಎಂಟು ಹತ್ತು ಅಡಿಯ ಬಿದಿರ ಗಳ, ಅಷ್ಟೇ ಉದ್ದದ ನೈಲಾನ್ ದಾರ, ಸಣ್ಣ ಮುಳ್ಳು, ಅದರ ಮೇಲೆ ಗೇಣಿನಷ್ಟು ಎತ್ತರದಲ್ಲಿ ಸೀಸದ ಚೂರು, ಇನ್ನೂ ಮೇಲೆ ತೇಲುವ ಬೆಂಡು. ಎರೆಹುಳುವಾದರೆ ಉತ್ತಮ, ಇಲ್ಲದಿದ್ದರೆ ಜೋಳದ ಹಿಟ್ಟನ್ನು ಬಿಗಿಯಾಗಿ ನಾದಿ ಬಟಾಣಿಯಷ್ಟು ಉಂಡೆ ಮಾಡಬೇಕು. ಬೆಂಡು ನಡುಗಿದಾಗ ಎಳೆಯಲಾಗದು. ಮೀನು ಆಗ ರುಚಿ ನೋಡುತ್ತಿರುತ್ತದೆ. ಬೆಂಡು ಓರೆಯಾಗಿ ಸರಿದು ಮುಳುಗುವಾಗ ಮಣಿಕಟ್ಟನ್ನಷ್ಟೇ ಎತ್ತಬೇಕು. ನಮ್ಮ ಮೊಮ್ಮಗನು ಇದನ್ನು ಮೂರು ಸಲಕ್ಕೆ ಕಲಿತನು. ನಾವು ಈವರೆಗೂ ಕಲಿತಿಲ್ಲ.

ಸಿಕ್ಕಿದುದು ಜಿಲೇಬಿ ಮೀನು. ಹೆಸರನ್ನು ಕೇಳಿ ಸಿಹಿತಿಂಡಿಯೆಂದುಕೊಳ್ಳಬಾರದು. ತಿಲಾಪಿಯವೆಂಬ ಈ ಆಫ್ರಿಕದ ಜಾತಿಯನ್ನು 1952ರಲ್ಲಿ ಭಾರತಕ್ಕೆ ತಂದರು. ಈಗ ಅದಿಲ್ಲದ ಕೆರೆ ಅಪರೂಪ. ಗಂಡು ದಂಡೆಯ ಹತ್ತಿರದ ತೆಳುನೀರಿನಲ್ಲಿ ತಟ್ಟೆಯಂಥ ಗುಳಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಅವನ್ನು ತನ್ನ ಬಾಯೊಳಗೆ ತುಂಬಿಕೊಂಡು ಕಾಯುತ್ತದೆ. ಮರಿಗಳು ಹೊರಬಂದ ಮೇಲೂ ಕೆಲವು ದಿನ, ಅಂಜಿಕೆಯಾದೊಡನೆ ತಾಯಿಯ ಬಾಯಿಗೇ ನುಗ್ಗುತ್ತವೆ. ನಾಲಗೆಯ ಚಾಪಲ್ಯಕ್ಕೆ ದೃಷ್ಟಾಂತವಾಗಿ ನಾವು ಹೆಸರಿಸಿದ್ದ ಪ್ರಾಣಿ ಬಾಯಿಯನ್ನೇ ತೊಟ್ಟಿಲು ಮಾಡಿಕೊಂಡಿರುವುದನ್ನು ಕೇಳಿ ಮೊಮ್ಮಗನು ನಮ್ಮ ಮುಖವನ್ನೇ ನೋಡಿದನು. ನಾವು ಬೆಂಡನ್ನು ನೋಡುತ್ತ ಕುಳಿತೆವು.

ಜಿಲೇಬಿಯನ್ನು ಎಷ್ಟು ಹಿಡಿದರೂ ಗುತ್ತಿಗೆದಾರನಿಗೆ ಸಂತೋಷವೇ. ಅದು ಮಿತಿಮೀರಿ ಹೆಚ್ಚಿ, ಅವನು ಬಿಟ್ಟ ಮೀನುಗಳ ಆಹಾರವನ್ನು ತಿನ್ನುತ್ತದೆ. ಕಾಟ್ಲಾ, ರೋಹು, ಮೃಗಾಲಗಳ ಮರಿಗಳು ಸಿಕ್ಕರೆ ಮಾತ್ರ ಕೈಯನ್ನು ಒದ್ದೆಮಾಡಿಕೊಂಡು ಮುಳ್ಳು ಬಿಡಿಸಿ ತಿರುಗಿ ಬಿಡಬೇಕು. ಒಣಗೈಯಿಂದ ಹಿಡಿದರೆ ಮೈಯ ಲೋಳೆ ಕಿತ್ತುಹೋಗುತ್ತದೆ. ಆ ಮರಿಗಳೇ ಅವನ ಬಂಡವಾಳ. ಈ ಜಾತಿಗಳು ಮಳೆಗಾಲದ ಹೊಳೆಯಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಇಡುವುದಿಲ್ಲ. 1957ರಲ್ಲಿ ಹೀರಾಲಾಲ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇವನ್ನು ಕೊಳದಲ್ಲಿಯೇ ಮರಿಮಾಡಿಸಿದರು. ಅಂದಿನಿಂದ ಹೊಳೆಯನ್ನು ಕಾಯದೆ ಮರಿಗಳನ್ನು ತಂದು ಬಿಡುವುದು ಸಾಧ್ಯವಾಯಿತು.

ನಾವೂ ನಮ್ಮ ಪಾಂಡಿತ್ಯವನ್ನು ಸ್ವಲ್ಪ ತೋರಿಸದೆ ಬಿಡಲಿಲ್ಲ. ಇದೇ ಸೀಮೆಯನ್ನಾಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂದೇ ಒಂದು ಅಧ್ಯಾಯವಿದೆ. ಮೀನುಗಳ ಜಾತಿ, ಅವುಗಳಿಗೆ ಹಾಕುವ ಆಹಾರ, ದಾರ, ಗಳ, ಗಾಳ ಇವೆಲ್ಲವೂ ಅದರಲ್ಲಿ ವರ್ಣಿತವಾಗಿವೆ. 1951ರಲ್ಲಿ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು ಅದನ್ನು ಕುರಿತು ಲೇಖನ ಬರೆದರು. ಇದನ್ನೆಲ್ಲ ಹೇಳಿದೆವು. ಶಿಷ್ಯನು ಶ್ರದ್ಧೆಯಿಂದ ಕೇಳಿ, “ರಾಜರೂ ಗಾಳ ಹಾಕ್ತಿದ್ರು ಅನ್ರಿ” ಎಂದನು. ಸ್ವಲ್ಪ ತಡೆದು, “ನೀವು ನನಗ ಒಮ್ಮೆ ಹೊಡದಿದ್ರಿ, ನೆನಪೈತೇನ್ರಿ?” ಎಂದನು.

ನೆನಪಿರಲಿಲ್ಲ. ಅವನು ಹೇಳಿದ ಮೇಲೆ ಬಂತು. ತಡವಾಗಿ ಬಂದ ಹುಡುಗ, ಅಂಗಿಯ ತುಂಬ ಮೀನಿನ ವಾಸನೆ, ಇಡೀ ತರಗತಿಯ ನಗೆ, ನಮ್ಮ ಕೈಯ ಬೆತ್ತ. ಬೆತ್ತಕ್ಕಿಂತ ಕೆಟ್ಟದಾದ ಒಂದು ಮಾತು, ಅವನ ಕುಲವನ್ನು ಮುಟ್ಟುವಂಥದು.

“ಅವತ್ತು ನಸಿಕಿನ್ಯಾಗ ಹಿಡದ ಮೀನ ಮಾರಿ ನಿಮ್ಮ ಪಾಠದ್ದ ನೋಟಬುಕ್ ತಂದಿದ್ನಿರಿ” ಎಂದನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗಳದ ತುದಿಯನ್ನು ನೋಡುತ್ತಲೇ ಹೇಳಿದನು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಿ ನಾವು ಕೆಲವು ವರ್ಷ ಪಾಠ ಹೇಳಿದವರು. ಅಂಬಿಗರ ಚೌಡಯ್ಯನವರ ಕಾಯಕವನ್ನು ಕುರಿತು ಎಷ್ಟೋ ಭಾಷಣಗಳನ್ನು ಮಾಡಿದವರು. ಮೊಮ್ಮಗನು ಕೇಳುತ್ತಿರುವಾಗಲೇ, “ತಪ್ಪಾಯಿತಪ್ಪಾ” ಎಂದೆವು. “ಇರ್ಲಿ ಬಿಡ್ರಿ, ಬೆಂಡ ಮುಳುಗಾಕತ್ತೈತಿ ನೋಡ್ರಿ” ಎಂದನು. ನಿಜವಾಗಿಯೂ ಮುಳುಗುತ್ತಿತ್ತು. ನಾವು ಎತ್ತುವಷ್ಟರಲ್ಲಿ ಮೀನು ಹಿಟ್ಟನ್ನು ತಿಂದು ಹೋಗಿತ್ತು.

ಹಿಡಿದ ಮೀನುಗಳು ಅವನ ಮನೆಗೆ ಹೋದವು. ಎದ್ದು ಬರುವಾಗ ದಂಡೆಯ ಮೇಲೆ ಬಿದ್ದಿದ್ದ ಹಳೆಯ ನೈಲಾನ್ ದಾರದ ತುಂಡುಗಳನ್ನು ಅವನು ಹುಡುಗನಿಂದ ಆರಿಸಿಸಿದನು. ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಅವು ಹಾರಲಾರದೆ ಸಾಯುತ್ತವಂತೆ.

ಆ ಮರುವಾರ ನಾವು ಮೂವರೂ ಲಿಂಬೆಯ ತೋಟಕ್ಕೆ ಹೋದೆವು. ಯಜಮಾನರ ಒಪ್ಪಿಗೆ ಪಡೆದು, ಹೊಂಡದ ನಾಲ್ಕು ಬದಿಗಳಲ್ಲಿಯೂ ಗಟ್ಟಿಯಾದ ಗೂಟ ಹುಗಿದು, ಮೊಳಕ್ಕೊಂದು ಗಂಟಿರುವ ದಪ್ಪ ಹಗ್ಗವನ್ನು ನೀರಿನೊಳಗೆ ಇಳಿಬಿಟ್ಟೆವು. ಒಂದು ಬದಿಗೆ ಹಳೆಯ ಟೈರುಗಳನ್ನು ಏಣಿಯಂತೆ ಕಟ್ಟಿದೆವು. ಖರ್ಚು ಅಲ್ಪ, ಕೆಲಸ ಅರ್ಧ ದಿನದ್ದು. ತಂತಿಬೇಲಿಯನ್ನು ಸುಗ್ಗಿಯಾದ ಮೇಲೆ ಹಾಕಿಸುವುದಾಗಿ ಯಜಮಾನರು ಹೇಳಿದ್ದಾರೆ. ಗಂಟುಗಳನ್ನು ಹಾಕಿದವನು ಮೊಮ್ಮಗ. ಅವು ಬಿಗಿಯಾಗಿವೆಯೋ ಇಲ್ಲವೋ ಎಂದು ನಮ್ಮ ಶಿಷ್ಯನು ಒಂದೊಂದನ್ನೂ ಜಗ್ಗಿ ನೋಡಿ, ಎರಡನ್ನು ಬಿಚ್ಚಿಸಿ ಮತ್ತೆ ಹಾಕಿಸಿದನು.