ಒಂದು ಲಕ್ಷ ತೊಂಬತ್ತಾರು ಸಾವಿರ

ಕಲ್ಯಾಣದಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಶರಣಗಣವಿದ್ದಿತೆಂಬ ಮಾತನ್ನು ಪುರಾಣ ಪ್ರವಚನಗಳಲ್ಲಿ, ಬಸವ ಜಯಂತಿಯ ಸಭೆಗಳಲ್ಲಿ ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಕೇಳಿ, ಭಕ್ತಿಯಿಂದ ಕೈಮುಗಿದು ಮುಂದೆ ಸಾಗುತ್ತೇವೆಯೇ ಹೊರತು ಆ ಸಂಖ್ಯೆಯನ್ನು ಸಂಖ್ಯೆಯಾಗಿ ನೋಡುವುದಿಲ್ಲ. ಈ ತಿಂಗಳು ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಸ್ವಲ್ಪ ಲೆಕ್ಕ ಮಾಡೋಣ.

1,96,000 ಎಂಬುದು 196 ಮತ್ತು 1,000ಗಳ ಗುಣಲಬ್ಧ. 196 ಎಂದರೆ 14ರ ವರ್ಗ. 1,000 ಎಂದರೆ 10ರ ಘನ. ಇನ್ನೂ ಬಿಡಿಸುತ್ತ ಹೋದರೆ ಐದು ಎರಡುಗಳು, ಮೂರು ಐದುಗಳು, ಎರಡು ಏಳುಗಳು ಮಾತ್ರ ದೊರೆಯುತ್ತವೆ. ಇಷ್ಟು ದೊಡ್ಡ ಸಂಖ್ಯೆಯು 2, 5, 7 ಎಂಬ ಮೂರೇ ಅವಿಭಾಜ್ಯ ಸಂಖ್ಯೆಗಳಿಂದ ಕಟ್ಟಲ್ಪಟ್ಟಿದೆ.

ಇದರ ಫಲವೇನು? ಭಾಜಕವೊಂದನ್ನು ರಚಿಸುವಾಗ 2ನ್ನು ಸೊನ್ನೆಯಿಂದ ಐದು ಸಲದವರೆಗೆ ಆರು ಬಗೆಯಾಗಿ, 5ನ್ನು ನಾಲ್ಕು ಬಗೆಯಾಗಿ, 7ನ್ನು ಮೂರು ಬಗೆಯಾಗಿ ತೆಗೆದುಕೊಳ್ಳಬಹುದು. 6, 4, 3ನ್ನು ಗುಣಿಸಿದರೆ 72. ಅಂದರೆ ದಾಸೋಹದಲ್ಲಿ ಇಷ್ಟು ಜನರನ್ನು, ಪ್ರತಿ ಪಂಕ್ತಿಯಲ್ಲಿಯೂ ಅಷ್ಟಷ್ಟೇ ಜನರಿರುವಂತೆ, ಒಬ್ಬರೂ ಉಳಿಯದಂತೆ 72 ಬಗೆಯಲ್ಲಿ ಕುಳ್ಳಿರಿಸಬಹುದು. ಮೂವರು ಮೂವರಂತೆ ಕುಳ್ಳಿರಿಸಿದರೆ ಮಾತ್ರ ಒಬ್ಬರು ಉಳಿಯುತ್ತಾರೆ. ಚೌಕಾಕಾರವಾಗಿಯೂ ಕೂರಿಸಲಾಗದು, 443 ಸಾಲುಗಳ ಚೌಕಕ್ಕೆ ಇನ್ನೂ 249 ಜನ ಬೇಕು.

ಈಗ ಒಬ್ಬರೇ ಒಬ್ಬರು ಬರಲಿಲ್ಲವೆಂದು ಭಾವಿಸೋಣ. ಉಳಿಯುವುದು 1,95,999. ಇದನ್ನು ಬಿಡಿಸಿದರೆ 3, 79, 827 ಎಂಬ ಮೂರು ಅವಿಭಾಜ್ಯಗಳು ಸಿಗುತ್ತವೆ; ಭಾಜಕಗಳು 8 ಮಾತ್ರ. ಒಬ್ಬರ ಗೈರುಹಾಜರಿಯಿಂದ 72 ಬಗೆಯ ಪಂಕ್ತಿಗಳು 8ಕ್ಕೆ ಇಳಿದವು!

ಆದರೆ ಓದುಗ ಬಂಧುಗಳು ಇಲ್ಲಿ ಎಚ್ಚರದಿಂದಿರಬೇಕು. ಇದರಲ್ಲಿ ಪವಾಡವೇನೂ ಇಲ್ಲ. ಕೊನೆಯಲ್ಲಿ ಮೂರು ಸೊನ್ನೆಗಳಿರುವ ಯಾವ ಸಂಖ್ಯೆಗಾದರೂ ಭಾಜಕಗಳು ಹೆಚ್ಚಾಗಿಯೇ ಇರುತ್ತವೆ. ಸಾವಿರಗಳ ಲೆಕ್ಕದಲ್ಲಿ ಹೇಳಿದ ಈ ಸಂಖ್ಯೆಯನ್ನು ಜನಗಣತಿಯೆಂದು ತಿಳಿಯುವುದೂ ಸಲ್ಲದು; ಅದು ಅಪಾರ ಸಮೂಹವೆಂಬುದನ್ನು ಸೂಚಿಸುವ ಸಂಪ್ರದಾಯದ ಮಾತು. ಇಂದು ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಮಗಳ ಹೆಸರಿನ ಅಕ್ಷರಗಳನ್ನು ತಿದ್ದಿಸುವ, ಅಂಕಿ ಕೂಡಿಬರಲಿಲ್ಲವೆಂದು ಒಳ್ಳೆಯ ಸಂಬಂಧವನ್ನೇ ಬಿಟ್ಟುಬಿಡುವ ಕುಟುಂಬಗಳು ನಮ್ಮಲ್ಲಿಯೂ ಇವೆ. ಶುಭಾಶುಭಗಳ ಭಯವನ್ನು ಬಿಡಿಸಿದ ಶರಣರ ಸಂಖ್ಯೆಯನ್ನೇ ಮತ್ತೊಂದು ಭಯಕ್ಕೆ ಸಾಧನ ಮಾಡಿಕೊಳ್ಳುವುದು ನಮಗೆ ತಕ್ಕುದಲ್ಲ. ಅಂಕಿಗಳು ಅದೃಷ್ಟವನ್ನು ಹೇಳುವುದಿಲ್ಲ. ಲೆಕ್ಕವನ್ನು ಮಾತ್ರ ಹೇಳುತ್ತವೆ.

ಆ ಲೆಕ್ಕದಿಂದ ನಾವು ಕಲಿಯಬೇಕಾದುದು ಬೇರೆಯೇ ಇದೆ. ಮುಂದಿನ ಬಾರಿ ನಮ್ಮ ಊರಿನ ದಾಸೋಹದಲ್ಲಿ ಎಲೆ ಹಾಕುವಾಗ ಎಷ್ಟು ಸಾವಿರ ಜನ ಉಂಡರೆಂದು ಹೆಮ್ಮೆಪಡುವ ಮೊದಲು, ಹೊರಗೆ ಉಳಿದವರು ಯಾರೆಂದು ಒಮ್ಮೆ ಬಾಗಿಲವರೆಗೆ ಹೋಗಿ ನೋಡೋಣ.