ರೆಟ್ ವ್ಯಾಧಿಯೂ ಮಿದುಳಿನ ಕಾವಲು ಕೋಶಗಳೂ

ರೆಟ್ ವ್ಯಾಧಿಯೆಂಬುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ತಗಲುವ ಮಿದುಳಿನ ಬೇನೆ. ಸುಮಾರು 10,000ದಿಂದ 15,000 ಹೆಣ್ಣುಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಮಗು ಮೊದಲ ಆರು ತಿಂಗಳು, ಕೆಲವೊಮ್ಮೆ ಒಂದೂವರೆ ವರ್ಷದವರೆಗೆ, ಎಲ್ಲ ಮಕ್ಕಳಂತೆಯೇ ನಗುತ್ತ ಆಡುತ್ತ ಬೆಳೆಯುತ್ತದೆ. ಅನಂತರ ಕಲಿತ ಮಾತುಗಳು ಒಂದೊಂದಾಗಿ ಅಳಿದುಹೋಗುತ್ತವೆ. ಆಟಿಕೆ ಹಿಡಿಯುತ್ತಿದ್ದ ಕೈಗಳು ಅದನ್ನು ಬಿಟ್ಟು, ಬಟ್ಟೆ ಹಿಂಡುವವರ ಕೈಗಳಂತೆ ಒಂದನ್ನೊಂದು ಹೊಸೆಯತೊಡಗುತ್ತವೆ. ವಿಯೆನ್ನಾದ ವೈದ್ಯ ಆಂದ್ರೆಯಾಸ್ ರೆಟ್ 1954ರಲ್ಲಿ, ತಾಯಂದಿರ ತೊಡೆಯ ಮೇಲೆ ಕುಳಿತಿದ್ದ ಇಬ್ಬರು ಬಾಲಿಕೆಯರು ಒಂದೇ ಬಗೆಯಾಗಿ ಕೈ ಹೊಸೆಯುತ್ತಿದ್ದುದನ್ನು ಗಮನಿಸಿದರು. 1966ರಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಬರೆದುದನ್ನು ಓದಿದವರು ಬಹು ಕಡಿಮೆ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು 35 ಬಾಲಿಕೆಯರ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆಯೇ ವ್ಯಾಧಿಗೆ ರೆಟ್ಟರ ಹೆಸರು ನಿಂತಿತು.

ಕಾರಣವು 1999ರಲ್ಲಿ ತಿಳಿಯಿತು. ಹ್ಯೂಸ್ಟನ್ನಿನಲ್ಲಿ ಹುದಾ ಜೋಘ್ಬಿಯವರ ತಂಡವು ಎಕ್ಸ್ ವರ್ಣತಂತುವಿನ ಮೇಲಿರುವ ಎಂಇಸಿಪಿ2 ಎಂಬ ಜೀನಿನಲ್ಲಿ ದೋಷವನ್ನು ಕಂಡುಹಿಡಿಯಿತು. ಈ ಜೀನು ತಯಾರಿಸುವ ಪ್ರೋಟೀನು ನರಕೋಶದಲ್ಲಿ ಇತರ ಅನೇಕ ಜೀನುಗಳ ಕೆಲಸವನ್ನು ಹದದಲ್ಲಿಡುತ್ತದೆ. ಬಹುಪಾಲು ಮಕ್ಕಳಲ್ಲಿ ಈ ದೋಷವು ಮನೆತನದಲ್ಲಿ ಹರಿದುಬಂದುದಲ್ಲ. ಅದು ಹೊಸದಾಗಿ, ಹೆಚ್ಚಾಗಿ ತಂದೆಯ ವೀರ್ಯಾಣು ರೂಪುಗೊಳ್ಳುವಾಗ, ಆಕಸ್ಮಿಕವಾಗಿ ಉಂಟಾದುದು. ಗ್ರಹಣದ ದಿನ ಹೊರಗೆ ಬಂದಳೆಂದು ಸೊಸೆಯನ್ನು ದೂರುವವರಿಗಾಗಲಿ, ಸೋದರಮಾವನಿಗೆ ಕೊಟ್ಟುದರಿಂದಲೇ ಹೀಗಾಯಿತೆನ್ನುವ ಓದಿದವರಿಗಾಗಲಿ ಇಲ್ಲಿ ಆಧಾರವೇ ಇಲ್ಲ. ಇನ್ನೊಂದು ಸಂಗತಿ: ಹೆಣ್ಣಿನ ಪ್ರತಿಯೊಂದು ಕೋಶದಲ್ಲಿಯೂ ಎರಡು ಎಕ್ಸ್ ವರ್ಣತಂತುಗಳಿದ್ದು, ಅವುಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ. ಆದುದರಿಂದ ಈ ಮಕ್ಕಳ ಮಿದುಳಿನಲ್ಲಿ ದೋಷವುಳ್ಳ ಕೋಶಗಳೂ ಸರಿಯಾದ ಕೋಶಗಳೂ ಬೆರೆತಿರುತ್ತವೆ.

ಜೀನಿನ ದೋಷದಿಂದ ನರಕೋಶ ಕೆಡುವುದಾದರೆ, ರೋಗನಿರೋಧಕ ವ್ಯವಸ್ಥೆಗೆ ಇಲ್ಲಿ ಏನು ಕೆಲಸ? ಮಿದುಳಿನಲ್ಲಿ ನರಕೋಶಗಳಷ್ಟೇ ಅಲ್ಲದೆ ಮೈಕ್ರೋಗ್ಲಿಯವೆಂಬ ಸಣ್ಣ ಕೋಶಗಳೂ ಇವೆ. ರಕ್ತದ ಬಿಳಿಯ ಕಣಗಳ ದಾಯಾದಿಗಳಾದ ಇವು ಭ್ರೂಣಾವಸ್ಥೆಯಲ್ಲಿಯೇ ಮಿದುಳನ್ನು ಸೇರಿ ಅಲ್ಲಿಯೇ ನೆಲಸುತ್ತವೆ. ಹೊರಗಿನಿಂದ ಬಂದ ರೋಗಾಣುಗಳನ್ನೂ ಸತ್ತ ಕೋಶಗಳ ಚೂರುಗಳನ್ನೂ ನುಂಗುವುದು, ಬೆಳೆಯುವ ಮಿದುಳಿನಲ್ಲಿ ಬೇಡವಾದ ನರಸಂಧಿಗಳನ್ನು ಕಳೆ ಕಿತ್ತಂತೆ ತೆಗೆಯುವುದು ಇವುಗಳ ಕೆಲಸ. ದೋಷವುಳ್ಳ ಜೀನು ಇವುಗಳಲ್ಲಿಯೂ ಇದೆ. ಹಾಗಿದ್ದರೆ ಬೇನೆಯ ಮೂಲವು, ಅಥವಾ ಮೂಲದ ಒಂದು ಭಾಗವು, ಇಲ್ಲಿಯೇ ಇರಬಾರದೇಕೆ?

ವರ್ಜೀನಿಯ ವಿಶ್ವವಿದ್ಯಾನಿಲಯದ ಜೊನಾಥನ್ ಕಿಪ್ನಿಸ್‌ರ ತಂಡವು 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರವಿತ್ತಿತು. ಈ ಜೀನೇ ಇಲ್ಲದ ಗಂಡು ಇಲಿಮರಿಗಳು ಸುಮಾರು 8 ವಾರಗಳಲ್ಲಿ ಸಾಯುತ್ತವೆ. ಅಂಥವುಗಳ ಅಸ್ಥಿಮಜ್ಜೆಯನ್ನು ವಿಕಿರಣದಿಂದ ನಾಶಪಡಿಸಿ, ಆರೋಗ್ಯವುಳ್ಳ ಇಲಿಗಳ ಮಜ್ಜೆಯನ್ನು ಸೇರಿಸಲಾಯಿತು. ಇಲಿಗಳ ತೂಕವೂ ಉಸಿರಾಟವೂ ಸುಧಾರಿಸಿ, ಅವು ಹೆಚ್ಚು ಕಾಲ ಬದುಕಿದವೆಂದು ವರದಿಯಾಯಿತು. ಇಲಿಯ ತಲೆಗೆ ಸೀಸದ ಮರೆಯಿಟ್ಟು, ಹೊಸ ಕೋಶಗಳು ಮಿದುಳನ್ನು ಸೇರದಂತೆ ಮಾಡಿದಾಗ ಆ ಲಾಭ ಕಾಣಲಿಲ್ಲ. ಎಷ್ಟು ಅಚ್ಚುಕಟ್ಟಾದ ಪ್ರಯೋಗ! ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೆ ಆ ಸೀಸದ ಮರೆಯ ಉಪಾಯವು ಇಂದಿಗೂ ಮೆಚ್ಚುಗೆಯದೇ.

ಆದರೆ 2015ರಲ್ಲಿ ಅದೇ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬಂದಿತು. ಅಮೆರಿಕ ಮತ್ತು ಜರ್ಮನಿಯ ಹಲವು ಪ್ರಯೋಗಶಾಲೆಗಳು ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ್ದವು. ಮಜ್ಜೆ ಸರಿಯಾಗಿ ನೆಲೆಗೊಂಡಿತು. ಆರೋಗ್ಯವುಳ್ಳ ಕೋಶಗಳು ಮಿದುಳನ್ನೂ ಸೇರಿದವು. ಇಲಿಗಳ ಆಯುಷ್ಯ ಮಾತ್ರ ಬೆಳೆಯಲಿಲ್ಲ. ಮೈಕ್ರೋಗ್ಲಿಯದಲ್ಲಿ ಮಾತ್ರ ಜೀನನ್ನು ಸರಿಪಡಿಸಿದ ಇಲಿಗಳಿಗೂ ಗುಣವಾಗಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಅವಸರದ ತೀರ್ಪು ಕೊಡಬಾರದು. 2011ರ ಸೆಪ್ಟೆಂಬರಿನಲ್ಲಿ, ಸೆರ್ನ್‌ನಿಂದ ಸುಮಾರು 730 ಕಿಲೋಮೀಟರು ದೂರದ ಇಟಲಿಯ ಗ್ರಾನ್ ಸಾಸೋಗೆ ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋಸೆಕೆಂಡು ಮೊದಲೇ ತಲುಪಿದವೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ಮರುವರ್ಷ, ಸರಿಯಾಗಿ ಕೂಡಿಸದಿದ್ದ ಒಂದು ತಂತಿಯೇ ಮುಖ್ಯ ಕಾರಣವೆಂದು ಗೊತ್ತಾಯಿತು. ಯಾರೂ ಮೋಸಗಾರರಾಗಿರಲಿಲ್ಲ. ಜೀವಿಗಳ ವಿಷಯದಲ್ಲಿ ಹೀಗೆ ಒಂದು ತಂತಿಯನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಇಲಿಯ ತಳಿ, ಆಹಾರ, ಗೂಡಿನ ಸೂಕ್ಷ್ಮಜೀವಿಗಳು, ವಿಕಿರಣದ ಪ್ರಮಾಣ ಎಲ್ಲವೂ ಫಲಿತಾಂಶವನ್ನು ಅಲುಗಿಸಬಲ್ಲವು. ನಮ್ಮ ಆಕ್ಷೇಪವಿರುವುದು ಬೇರೆಡೆ. ‘ಗುಣವಾಯಿತು’ ಎಂಬ ಸುದ್ದಿಗೆ ಮುಖಪುಟ. ‘ಗುಣವಾಗಲಿಲ್ಲ’ ಎಂಬುದಕ್ಕೆ ಒಳಪುಟದ ಮೂಲೆಯೂ ಇಲ್ಲ. ಮೊದಲನೆಯದಕ್ಕೆ ಕೊಟ್ಟಷ್ಟೇ ಜಾಗವನ್ನು ಎರಡನೆಯದಕ್ಕೂ ಕೊಡುವುದು ವಿಜ್ಞಾನವನ್ನು ಜನರಿಗೆ ತಲುಪಿಸುವವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಇದು ಬರಿಯ ಪಂಡಿತರ ಜಗಳವಲ್ಲ. ಲೆಕ್ಕದ ಪ್ರಕಾರ ನೋಡಿದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿಯೂ ಇಂಥ ಮಕ್ಕಳು ಕೆಲವರಾದರೂ ಇರಲೇಬೇಕು. ಅವರಲ್ಲಿ ಎಷ್ಟು ಮಂದಿಯ ಬೇನೆಗೆ ಹೆಸರು ಸಿಕ್ಕಿರಬಹುದು? ಚೌಡಾಪುರದಲ್ಲಿ ತಿರುಗಿ ಗಾಣಗಾಪುರಕ್ಕೆ ಹೋಗುವ ಬಸ್ಸುಗಳಲ್ಲಿ, ಕಾಯಿಲೆಯ ಮಕ್ಕಳನ್ನು ದತ್ತಾತ್ರೇಯನ ಸನ್ನಿಧಿಗೆ ಕರೆದೊಯ್ಯುವ ತಾಯಂದಿರನ್ನು ಕಾಣಬಹುದು. ಅವರ ಭಕ್ತಿಯನ್ನು ನಾವು ಹಳಿಯುವುದಿಲ್ಲ. ದೇವರು ಅವರಿಂದ ತೊಗರಿಯ ಹೊಲವನ್ನು ಬರೆಸಿಕೊಳ್ಳುವುದಿಲ್ಲ. ನಮಗೆ ಭಯವಿರುವುದು, ಅರ್ಧ ಓದಿದ ವಿಜ್ಞಾನವನ್ನು ತೋರಿಸಿ ‘ಸ್ಟೆಮ್ ಸೆಲ್ ಚಿಕಿತ್ಸೆ’ ಮಾರುವವರ ವಿಷಯದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ಮಾರ್ಗಸೂಚಿಯು, ರಕ್ತಸಂಬಂಧವಾದ ಕೆಲವು ಒಪ್ಪಿತ ರೋಗಗಳಂಥವನ್ನು ಬಿಟ್ಟು ಉಳಿದೆಡೆ ಇಂಥ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡಕೂಡದೆಂದು ಹೇಳುತ್ತದೆ. ಪ್ರಯೋಗದಲ್ಲಿ ಪಾಲ್ಗೊಳ್ಳುವ ರೋಗಿಯಿಂದ ಹಣ ಕೇಳುವಂತಿಲ್ಲ. ಹಣ ಕೇಳಿದರೆ ಅದು ಪ್ರಯೋಗವಲ್ಲವೆಂದು ತಿಳಿಯಬೇಕು.

ಹಾಗೆಂದು ರೋಗನಿರೋಧಕ ಕೋಶಗಳ ವಿಚಾರವನ್ನೇ ಕೈಬಿಡಬೇಕೆ? ಬೇಡ. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ರೆಟ್ ಇಲಿಗಳ ಬೇನೆ ಬಲಿತ ಮೇಲೆ ಮೈಕ್ರೋಗ್ಲಿಯಗಳು ನರಸಂಧಿಗಳನ್ನು ಅತಿಯಾಗಿ ನುಂಗುವುದು ಕಂಡುಬಂದಿತು. ಆದರೆ ಅವು ಹಾಗೆ ಮಾಡುವುದಕ್ಕೆ ಅವುಗಳೊಳಗಿನ ಜೀನಿನ ದೋಷ ಕಾರಣವಾಗಿರಲಿಲ್ಲ. ಬೆಂಕಿ ಹಚ್ಚಿದವರು ಇವರಲ್ಲ, ಉರಿಯುವ ಮನೆಯಲ್ಲಿ ಗೋಡೆ ಕೆಡಹುವವರು ಇವರಿರಬಹುದು ಎಂದು ನಮ್ಮ ಊಹೆ. ಅಮೆರಿಕದಲ್ಲಿ 2023ರ ಮಾರ್ಚಿನಲ್ಲಿ ಒಪ್ಪಿಗೆ ಪಡೆದ, ಈ ವ್ಯಾಧಿಯ ಮೊದಲ ಔಷಧವಾದ ಟ್ರೋಫಿನೆಟೈಡ್ ಕೂಡ ಮಿದುಳಿನ ಉರಿಯೂತವನ್ನು ತಗ್ಗಿಸುತ್ತಿರಬಹುದೆಂದು ಅಭಿಪ್ರಾಯವಿದೆ. ಅದು ಕೆಲವು ಲಕ್ಷಣಗಳನ್ನು ಸ್ವಲ್ಪ ಸಡಿಲಿಸುತ್ತದೆಯೇ ಹೊರತು ರೋಗವನ್ನು ಕಳೆಯುವುದಿಲ್ಲ.

ಭರವಸೆಗೆ ಗಟ್ಟಿಯಾದ ಆಧಾರ ಬೇರೆ ಇದೆ. ಎಡಿನ್‌ಬರೋದ ಏಡ್ರಿಯನ್ ಬರ್ಡ್‌ರ ತಂಡವು 2007ರಲ್ಲಿ, ಬೇನೆ ಬಲಿತ ಇಲಿಗಳಲ್ಲಿಯೂ ಜೀನನ್ನು ಮತ್ತೆ ಚಾಲನೆಗೊಳಿಸಿದಾಗ ಅವು ಬಹುಮಟ್ಟಿಗೆ ಚೇತರಿಸಿಕೊಂಡುದನ್ನು ತೋರಿಸಿತು. ಎಂದರೆ ಈ ವ್ಯಾಧಿಯಲ್ಲಿ ನರಕೋಶಗಳು ಸಾಯುವುದಿಲ್ಲ. ಕೆಲಸ ನಿಲ್ಲಿಸಿ ಕುಳಿತಿರುತ್ತವೆ. ಜೀನು ಚಿಕಿತ್ಸೆಯ ಪ್ರಯೋಗಗಳು ಮನುಷ್ಯರಲ್ಲಿ ಈಗಾಗಲೇ ಆರಂಭವಾಗಿವೆ. ಅವುಗಳ ಫಲ ಕೈಸೇರುವವರೆಗೆ ಮಗುವಿನ ಬೆನ್ನೆಲುಬು ಬಾಗದಂತೆ, ಕೀಲುಗಳು ಬಿಗಿಯದಂತೆ, ಸೆಳವುಗಳು ಹತೋಟಿಯಲ್ಲಿರುವಂತೆ, ಕಣ್ಣಿನಿಂದಲೇ ಅದು ಬೇಕುಬೇಡಗಳನ್ನು ಹೇಳಲು ಕಲಿಯುವಂತೆ ನೋಡಿಕೊಳ್ಳಬೇಕಾಗಿದೆ. ಇದಕ್ಕೆ ಬೇಕಾದ ವ್ಯಾಯಾಮ ಚಿಕಿತ್ಸಕರು ಬೆಂಗಳೂರಿನ ನಿಮ್ಹಾನ್ಸಿನಲ್ಲಷ್ಟೇ ಅಲ್ಲ, ಅಫಜಲಪುರದ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇರಬೇಕೆಂಬುದು ನಮ್ಮ ಬೇಡಿಕೆ.